ಕಿನ್ನಿಗೆ ಹೆಣೆದ ಈಜುಡುಗೆ

ಏಪ್ರಿಲ್ ೧೬, ಗುರುವಾರ

ದೇರೆಬೈಲಿನಿಂದ ಸುರತ್ಕಲ್ಲಿಗೆ ಪ್ರವಾಸ ಹೊರಟ ಕುಟುಂಬ ನಮ್ಮದೊಂದೇ ಇರಬೇಕು. ಸಿಟಿ ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ತೆಗೆಯುವಷ್ಟರಲ್ಲಿ ಮುಗಿಯುವ ದಾರಿ. ಅದಕ್ಕೆ ಬಾಡಿಗೆ ಕಾರು, ಸೂಟ್‌ಕೇಸುಗಳು, ಅಮ್ಮನ ಎಲೆಯಡಿಕೆ ಡಬ್ಬಿ, ಕುಚ್ಚಲಕ್ಕಿ, ಒಣಮೀನು. ದೀಪಸ್ತಂಭದ ಆಚೆ ಪೌಲ್ ಎಂಬವರ ಮನೆಯನ್ನು ತಂಗಿಯ ಗಂಡ ಮುಖೇಶ ಹಿಡಿದಿದ್ದಾನೆ. ಹಿಂದಿನ ಗೇಟು ತೆಗೆದರೆ ಮರಳು, ಮರಳು ದಾಟಿದರೆ ಕಡಲು.

ಮುಖೇಶ ಇದಕ್ಕೆ ‘ಫ್ಯಾಮಿಲಿ ಹಾಲಿಡೇ’ ಅನ್ನುತ್ತಾನೆ. ಕಿನ್ನಿಯನ್ನು ನನ್ನಿಂದ ಬಿಡಿಸುವ ಶಿಬಿರ ಅಂತ ನಾನು ಅನ್ನುತ್ತೇನೆ. ಬಾಯಿಬಿಟ್ಟು ಹೇಳಿದರೆ ಅಮ್ಮ ಬೈಯುತ್ತಾಳೆ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಆಡುವುದು ತುಳು, ಆದರೆ ಸಿಟ್ಟು ಬರೆಯುವುದಕ್ಕೆ ಕನ್ನಡವೇ ಕೈಗೆ ಬರುತ್ತದೆ.

ನನ್ನ ತಂಗಿ ಜಯ ಡೆಂಗೀ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಯಿತು. ಆಗ ಅವಳ ಮಗಳಿಗೆ ನಾಲ್ಕು ವರ್ಷ. ಶಾಲೆಯಲ್ಲಿ ಮೋಕ್ಷಾ, ಮನೆಯಲ್ಲಿ ಕಿನ್ನಿ. ಅಂದಿನಿಂದ ನನ್ನ ಮಗ್ಗುಲಲ್ಲಿ ಮಲಗಿ ಬೆಳೆದವಳು. ನಾನು ಮದುವೆಯಾಗಿಲ್ಲ, ನನಗೆ ಬೇರೆ ಮಕ್ಕಳಿಲ್ಲ, ಬೇಕೆಂದು ಅನಿಸಿದ್ದೂ ಇಲ್ಲ. ಅಪ್ಪ ಅನ್ನಿಸಿಕೊಂಡ ಮುಖೇಶ ಬಹರೈನಿನಿಂದ ವರ್ಷಕ್ಕೊಮ್ಮೆ ಬಂದು ಚಾಕಲೇಟು ಕೊಟ್ಟು ಹೋಗುತ್ತಿದ್ದ. ಈ ಸಲ ಚಾಕಲೇಟಿನ ಜೊತೆಗೆ ಹೊಸ ಹೆಂಡತಿಯನ್ನೂ ತಂದಿದ್ದಾನೆ. ರಜೆ ಮುಗಿದ ಮೇಲೆ ಕಿನ್ನಿಯನ್ನು ಕರೆದುಕೊಂಡು ಹೋಗುತ್ತಾರಂತೆ. ಅಲ್ಲಿಯ ಶಾಲೆಯಲ್ಲಿ ಸೀಟೂ ಆಗಿದೆ. ಅದಕ್ಕಿಂತ ಮೊದಲು ಮಗು ಆ ಹುಡುಗಿಗೆ ಹೊಂದಿಕೊಳ್ಳಲಿ ಎಂದು ಈ ಕಡಲು, ಈ ಮನೆ.

ನಾನು ಒಂದು ಚೀಲ ನೂಲು ತಂದಿದ್ದೇನೆ. ಕ್ರೋಶಾ ಕಡ್ಡಿ ಕೈಯಲ್ಲಿಲ್ಲದಿದ್ದರೆ ಯಾರಿಗಾದರೂ ಎರಡು ಬಾರಿಸಿಬಿಡುತ್ತೇನೆ ಅಂತ ನನಗೇ ಹೆದರಿಕೆ.

ಏಪ್ರಿಲ್ ೧೭, ಶುಕ್ರವಾರ

ಚಿಪ್ಪು ಹೆಕ್ಕುವುದಕ್ಕೆ ಬಲೆಚೀಲ ಶುರುಮಾಡಿದೆ. ಕಿನ್ನಿ ತೊಡೆಯ ಮೇಲೆ ಕೂತು ಅದಕ್ಕೆ ಹಿಡಿ ಹಾಕಿದಳು. ಉಣ್ಣುವುದು, ಬರೆಯುವುದು, ಬೆಕ್ಕಿಗೆ ಹೊಡೆಯುವುದು ಎಲ್ಲಾ ಬಲಗೈಯಲ್ಲಿ, ಕ್ರೋಶಾ ಮಾತ್ರ ಎಡಗೈಯಲ್ಲಿ. ನಾನು ಎಡಚಿ. ನನ್ನ ತೊಡೆಯಲ್ಲಿ ಕೂತು ನನ್ನ ಕೈ ನೋಡಿಯೇ ಕಲಿತದ್ದರಿಂದ ಅವಳಿಗೂ ಹಾಗೇ ಬಂದಿದೆ. ಅಮ್ಮನಿಗೆ ಇದು ಕಂಡರಾಗದು. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. ಅವಳು ಯಾರ ಮಗಳೆಂದು ಯಾರಾದರೂ ಕೇಳಿದರೆ ಆ ಕೈ ತೋರಿಸಿದರೆ ಸಾಕು.

ಆ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಕದ್ರಿಯವಳು, ಅಲ್ಲೇ ಯಾವುದೋ ಆಫೀಸಿನಲ್ಲಿ ಇದ್ದವಳಂತೆ.

“ನಂಗೂ ಕಲಿಸ್ತೀರಾ ಅಕ್ಕ? ಚಂದ ಉಂಟು.”

“ನನ್ನದು ಎಡಗೈ ಮಾರಾಯ್ತಿ, ನಿಂಗೆ ಬರ್ಲಿಕ್ಕಿಲ್ಲ,” ಅಂದೆ.

ಬರುತ್ತದೆ. ಎದುರು ಕೂರಿಸಿ ಕಲಿಸಿದರೆ ಯಾರಿಗಾದರೂ ಬರುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಕಲಿಸಿದ್ದೇ ಹಾಗೆ. ಆದರೆ ನಾನ್ಯಾಕೆ ಕಲಿಸಲಿ?

ಸಂಜೆ ಅವಳು ಕಿನ್ನಿಗೊಂದು ಈಜುಡುಗೆ ಕೊಟ್ಟಳು. ಪೇಟೆಯಲ್ಲಿ ತೆಗೆದದ್ದು. ಗುಲಾಬಿ ಬಣ್ಣ, ಎದೆಯ ಮೇಲೆ ಹೊಳೆಯುವ ಮೀನು. ಕಿನ್ನಿ ಅದನ್ನು ಹಾಕಿಕೊಂಡೇ ಊಟಕ್ಕೆ ಕೂತಳು.

ಏಪ್ರಿಲ್ ೧೮, ಶನಿವಾರ

ಚೀಲ ಮುಗಿಯಿತು. ಕಿನ್ನಿ ಅದರ ತುಂಬ ಚಿಪ್ಪು ಹೆಕ್ಕಿ ತಂದು, ಒಳ್ಳೊಳ್ಳೆಯದನ್ನೆಲ್ಲ ಆರಿಸಿ ಆ ಹುಡುಗಿಯ ಮಡಿಲಿಗೆ ಹಾಕಿದಳು. ನನಗೆ ಒಡೆದದ್ದು ಎರಡು ಸಿಕ್ಕಿತು.

ತಲೆನೋವು. ಮೀನು ಸೇರಲಿಲ್ಲ.

ಏಪ್ರಿಲ್ ೨೦, ಸೋಮವಾರ

ಟೊಪ್ಪಿ ಹೆಣೆದೆ, ಕೂದಲಿಗೆ ಹೂವು ಹೆಣೆದೆ, ಗೊಂಬೆಗೆ ಲಂಗ ಹೆಣೆದೆ. ಟೊಪ್ಪಿ ಗಾಳಿಗೆ ಹಾರಿ ಕಡಲು ಸೇರಿತು. ಹೂವು ಎಲ್ಲಿ ಹೋಯಿತೋ ಗೊತ್ತಿಲ್ಲ. ಗೊಂಬೆಯನ್ನು ಅವಳು ದೇರೆಬೈಲಿನಲ್ಲೇ ಮರೆತು ಬಂದಿದ್ದಾಳೆ ಎಂದು ಲಂಗ ಮುಗಿದ ಮೇಲೆ ತಿಳಿಯಿತು. ಕಿನ್ನಿ ಇಡೀ ದಿನ ನೀರಿನ ಬದಿಯಲ್ಲಿ, “ಆಂಟೀ, ಆಂಟೀ” ಎಂದು ಅವಳ ಹಿಂದೆ.

ಮಧ್ಯಾಹ್ನ ಜಗಲಿಯಲ್ಲಿ ಅಮ್ಮನನ್ನು ಹಿಡಿದೆ. ನಮ್ಮಲ್ಲಿ ಬರಿ, ಅಂದರೆ ಕುಲ, ಬರುವುದು ತಾಯಿಯ ಕಡೆಯಿಂದ. ಮಗು ಹುಟ್ಟಿದಲ್ಲಿಂದ ತಾಯಿಯ ಬಳಗಕ್ಕೆ ಸೇರಿದ್ದು, ಅಪ್ಪ ಯಾವತ್ತೂ ಹೊರಗಿನವನೇ. ಹಿಂದಿನ ಕಾಲವಾಗಿದ್ದರೆ ಇವನಿಗೆ ಕೇಳುವ ಬಾಯಿಯೇ ಇರುತ್ತಿರಲಿಲ್ಲ. ನೀನು ಹಿರಿಯಳು, ಇದನ್ನು ನೀನೇ ಮುಖೇಶನಿಗೆ ಹೇಳು ಎಂದೆ.

ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು. “ಬರಿ ನೋಡುದು ಮದುವೆಗೆ, ಚಂಪ. ಶಾಲೆಯಿಂದ ಬಂದ ಮಗುವಿನ ಚೀಲ ತೆಗೀಲಿಕ್ಕೆ ಬರಿ ಬರ್ತದಾ? ಅವನು ಅಪ್ಪ. ಕುಡಿಯುದಿಲ್ಲ, ಹೊಡೆಯುದಿಲ್ಲ. ಮಗಳು ಬೇಕು ಅಂತಾನೆ. ಎಂತ ಹೇಳ್ಲಿ ಅವನಿಗೆ?”

ಸ್ವಂತ ತಾಯಿ! ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಎದ್ದು ಹೋದೆ. ಏನೇನು ಹೇಳಿದೆನೋ ನೆನಪಿಲ್ಲ. ಅಮ್ಮ ಮಾತ್ರ ಕಡೆಗೆ “ಮೆಲ್ಲ ಮಾತಾಡು” ಅಂದದ್ದು ನೆನಪಿದೆ.

ನನಗೆ ಯಾರೂ ಇಲ್ಲ. ನಿಜವಾಗಿ ಯಾರೂ ಇಲ್ಲ.

ಏಪ್ರಿಲ್ ೨೧, ಮಂಗಳವಾರ

ಉಪಾಯ ಹೊಳೆದಿದೆ. ಗುಲಾಬಿ ಈಜುಡುಗೆಗೆ ಉತ್ತರವಾಗಿ ನಾನೂ ಒಂದು ಈಜುಡುಗೆ ಹೆಣೆಯುತ್ತೇನೆ. ಅಂಗಡಿಯಲ್ಲಿ ದುಡ್ಡು ಬಿಸಾಡಿದರೆ ಸಿಗದಂಥದ್ದು. ಕಡಲಿನ ನೀಲಿ, ಸೊಂಟಕ್ಕೆ ಮೂರು ಸುತ್ತು ಬಿಳಿ ನೆರಿಗೆ, ತೆರೆ ಬಂದ ಹಾಗೆ. ದಪ್ಪ ಹತ್ತಿ ನೂಲು ಸಾಕಷ್ಟಿದೆ, ಟೇಬಲ್ ಕ್ಲಾತಿಗೆಂದು ತಂದದ್ದು.

ಇನ್ನೊಂದು ಕೆಲಸವೂ ಆಯಿತು. ಜಡೆ ಹಾಕುವಾಗ ಕಿನ್ನಿಯ ಕಿವಿಯಲ್ಲಿ ಹೇಳಿದೆ: “ಪಪ್ಪ ಕೇಳಿದ್ರೆ ‘ನಾನು ಇಲ್ಲೇ ಇರ್ತೇನೆ’ ಅಂತ ಹೇಳ್ಬೇಕು. ಆಯ್ತಾ?” ಅವಳು ತಲೆ ಅಲ್ಲಾಡಿಸಿದಳು. ಮೂರು ಸಲ ಹೇಳಿಸಿದೆ. ತಪ್ಪೇನಿದೆ? ಅವಳ ಮನಸ್ಸಿನಲ್ಲಿ ಇರುವುದನ್ನೇ ಹೇಳಿಸಿದ್ದು.

ಏಪ್ರಿಲ್ ೨೩, ಗುರುವಾರ

ಎರಡು ಹಾಳೆ ಹರಿದುಹಾಕಿ ಮತ್ತೆ ಬರೆಯಲು ಕೂತಿದ್ದೇನೆ.

ಈಜುಡುಗೆ ಬೆಳಿಗ್ಗೆ ಮುಗಿಯಿತು. ಎಷ್ಟು ಚಂದವಾಗಿತ್ತೆಂದರೆ ಮನೆ ನೋಡಿಹೋಗಲು ಬಂದ ಪೌಲ್ ಬಾಗಿಲಲ್ಲೇ ನಿಂತು “ಫಸ್ಟ್ ಕ್ಲಾಸ್, ಟೀಚರ್” ಅಂದರು. ನಾನು ಟೀಚರಲ್ಲ, ಶಾಲೆಯ ಆಫೀಸಿನಲ್ಲಿರುವವಳು. ಆದರೂ ತಿದ್ದಲಿಲ್ಲ. “ನೀರಲ್ಲಿ ಮೊಣಕಾಲಿಗಿಂತ ಆಳಕ್ಕೆ ಬಿಡ್ಬೇಡಿ, ಒಳಗೆ ಎಳೆತ ಉಂಟು,” ಅಂದು ಹೋದರು. ಕಿನ್ನಿ ಕನ್ನಡಿಯ ಮುಂದೆ ಗಿರಗಿರ ತಿರುಗಿದಳು. ಗುಲಾಬಿ ಮೀನು ಹಗ್ಗದ ಮೇಲೆ ನೇತಾಡುತ್ತಿತ್ತು. ನಾನು ಗೆದ್ದ ಹಾಗೆ ಮರಳಿನ ಮೇಲೆ ಕೂತೆ.

ಹತ್ತಿ ನೀರು ಕುಡಿಯುತ್ತದೆ. ಇದು ನನಗೆ ಗೊತ್ತಿಲ್ಲವೇ? ನನ್ನ ಟೇಬಲ್ ಕ್ಲಾತುಗಳನ್ನು ಒಗೆಯುವಾಗ ಬಕೆಟ್ಟಿನಿಂದ ಎತ್ತಲು ಎರಡು ಕೈಯೂ ಸಾಲುವುದಿಲ್ಲ. ಇಪ್ಪತ್ತು ವರ್ಷದಿಂದ ಒಗೆಯುತ್ತಿದ್ದೇನೆ. ಆದರೂ ಒಂದು ಸಲವೂ ತಲೆಗೆ ಹೋಗಲಿಲ್ಲ. ಗುಲಾಬಿ ಬಣ್ಣವೊಂದೇ ಕಣ್ಣಲ್ಲಿ ಕೂತಿತ್ತು.

ನಾಲ್ಕು ತೆರೆ ಮೈಮೇಲೆ ಬಿದ್ದದ್ದೇ ತಡ, ಅದು ಜೋತುಬಿದ್ದು ಮೊಣಕಾಲಿಗೆ ಬಂತು. ನೆರಿಗೆ ಕಾಲಿಗೆ ಸುತ್ತಿಕೊಂಡಿತು. ಕಿನ್ನಿ ನಗುತ್ತಾ ಅದನ್ನು ಮೇಲಕ್ಕೆ ಎಳೆಯಲು ಬಗ್ಗಿದಳು. ಅಷ್ಟರಲ್ಲಿ ದೊಡ್ಡದೊಂದು ಬಂತು. ಮಗು ಬಿತ್ತು. ಏಳಲು ನೋಡಿತು, ಏಳಲಾಗಲಿಲ್ಲ. ನೀರು ಹಿಂದೆ ಹೋಗುವಾಗ ಅವಳನ್ನೂ ಎಳೆದುಕೊಂಡು ಹೋಯಿತು.

ಮುಖೇಶ ಎಳನೀರಿನ ಬೊಂಡ ತರಲು ರಸ್ತೆಗೆ ಹೋಗಿದ್ದ. ನಾನು ಎದ್ದು ನಿಂತದ್ದು ಹೌದು, ಆದರೆ ಕಾಲು ಮುಂದೆ ಹೋಗಲಿಲ್ಲ. ಕೂಗಲೂ ಆಗಲಿಲ್ಲ. ಆ ಹುಡುಗಿ, ಅನುಷ್ಕಾ, ಚೂಡಿದಾರ್ ಹಾಕಿಕೊಂಡೇ ಓಡಿದಳು. ಈಜು ಬಾರದ ಹುಡುಗಿ ಎದೆಮಟ್ಟದ ನೀರಿಗೆ ಹೋಗಿ, ಒಮ್ಮೆ ತಾನೂ ಮುಳುಗಿ, ಕಿನ್ನಿಯನ್ನು ಜುಟ್ಟು ಹಿಡಿದು ಎಳೆದು ತಂದಳು.

ಮರಳಿನ ಮೇಲೆ ಕಿನ್ನಿ ಕೆಮ್ಮಿ ಕೆಮ್ಮಿ ನೀರು ಕಾರಿದಳು. ಅನುಷ್ಕಾ ಆ ಈಜುಡುಗೆಯನ್ನು ಕಿತ್ತು ತೆಗೆದು ನನ್ನ ಕಾಲಬುಡಕ್ಕೆ ಎಸೆದಳು.

“ಎಂತ ಅಕ್ಕ ಇದು? ಎತ್ತಿ ನೋಡಿ! ಮಗುವಿಗೆ ಕಲ್ಲು ಕಟ್ಟಿದ ಹಾಗೆ ಉಂಟು! ನಿಮ್ಗೆ ತಲೆ ಸರಿ ಉಂಟಾ?”

ಅವಳು ನನಗೆ ಬೈದದ್ದು ಇದೇ ಮೊದಲು. ಆಮೇಲೆ ಮಗುವನ್ನು ಅಪ್ಪಿಕೊಂಡು ಅಲ್ಲೇ ಕುಕ್ಕರಿಸಿದಳು. ನಾನು ಅದನ್ನು ಎತ್ತಿ ನೋಡಿದೆ. ನಿಜ. ಎತ್ತಲು ಎರಡು ಕೈ ಬೇಕಾಯಿತು.

ಏಪ್ರಿಲ್ ೨೪, ಶುಕ್ರವಾರ

ಬೆಳಿಗ್ಗೆ ಮುಖೇಶ ಕಿನ್ನಿಯನ್ನು ಎದುರು ಕೂರಿಸಿಕೊಂಡು ಕೇಳಿದ, ನಮ್ಮ ಜೊತೆ ಬಹರೈನಿಗೆ ಬರ್ತೀಯಾ ಮಗ ಅಂತ.

“ನಾನು ಇಲ್ಲೇ ಇರ್ತೇನೆ,” ಅಂದಳು. ನಾನು ಹೇಳಿಸಿದ ಹಾಗೇ, ಒಂದಕ್ಷರ ಆಚೆಈಚೆಯಿಲ್ಲದೆ.

ಅವನು ಎದ್ದ. ಗೇಟಿನ ತನಕ ಹೋಗಿ ತಿರುಗಿ ಬಂದ. “ಸರಿ ಅಕ್ಕ. ಅವಳಿಗೆ ಮನಸ್ಸಿಲ್ಲದಿದ್ರೆ ನಾನು ಎಳ್ಕೊಂಡು ಹೋಗುದಿಲ್ಲ. ನಿಮ್ಮ ಹತ್ರವೇ ಇರ್ಲಿ.” ಅನುಷ್ಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಿನ್ನಿ ನನ್ನವಳು. ದೇವರಿಗೆ ಹೂವಿನ ಪೂಜೆ ಹೇಳಿಕೊಂಡೆ.

ಏಪ್ರಿಲ್ ೨೫, ಶನಿವಾರ

ಕಿನ್ನಿ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಜ್ವರ ಇಲ್ಲ, ಗಂಟಲು ನೋವಿಲ್ಲ, ಕಡಲ ಕಡೆ ತಿರುಗಿಯೂ ನೋಡುವುದಿಲ್ಲ. ಐಸ್‌ಕ್ಯಾಂಡಿಯವನು ಬಂದರೂ ಏಳಲಿಲ್ಲ. ನಾನು ಎಲ್ಲಿ ಹೋದರೂ ಹಿಂದೆ ಬರುತ್ತಾಳೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಲ್ಲುತ್ತಾಳೆ. ನಿಜ ಹೇಳಬೇಕೆಂದರೆ ಮೊದಲು ನನಗೆ ಖುಷಿಯಾಗಿತ್ತು.

ಮಧ್ಯಾಹ್ನ ಮಂಚದ ಮೇಲೆ ಇಬ್ಬರೇ ಇದ್ದೆವು. ಅವಳು ನನ್ನ ಕೈಬಳೆ ತಿರುಗಿಸುತ್ತಾ ಕೇಳಿದಳು.

“ದೊಡ್ಡಮ್ಮ, ಈಗ ನೀನು ಸಾಯುದಿಲ್ಲ ಅಲ್ವಾ?”

“ನಾನ್ಯಾಕೆ ಸಾಯ್ಲಿ?”

“ನೀನು ಅಜ್ಜಿ ಹತ್ರ ಹೇಳಿದ್ದಿ ಅಲ್ಲ. ಕಿನ್ನಿ ಹೋದ್ರೆ ನಾನು ಸತ್ತು ಹೋಗ್ತೇನೆ ಅಂತ. ನಾನು ನಳ್ಳಿ ಹತ್ರ ಕಾಲು ತೊಳೀತಾ ಇದ್ದೆ.”

“ಅದು ಸುಮ್ನೆ ಹೇಳಿದ್ದು ಪುಟ್ಟ. ಸಿಟ್ಟು ಬಂದಾಗ ದೊಡ್ಡವರು ಹಾಗೆಲ್ಲ ಹೇಳ್ತಾರೆ.”

ಅವಳು ನಂಬಲಿಲ್ಲ. ನನಗೆ ಸಮಾಧಾನ ಮಾಡುವವಳ ಹಾಗೆ ಮೆಲ್ಲ ಹೇಳಿದಳು. “ಅಮ್ಮನಿಗೆ ಹುಷಾರಿಲ್ಲದಾಗ ನನ್ನನ್ನು ಕಾಟಿಪಳ್ಳದ ಅಜ್ಜಿ ಮನೆಗೆ ಕಳಿಸಿದ್ರಿ. ನಾನು ಹೋಗುದಿಲ್ಲ ಹೇಳಿ ಕೂಗಿದೆ. ಆದ್ರೂ ಹೋದೆ. ವಾಪಸ್ ಬರುವಾಗ ಅಮ್ಮ ಇರ್ಲಿಲ್ಲ. ಅದಕ್ಕೆ ಈಗ ನಾನು ಎಲ್ಲಿಗೂ ಹೋಗುದಿಲ್ಲ. ನೀನು ಹೆದರ್ಬೇಡ.”

ಕಾಟಿಪಳ್ಳ ಮುಖೇಶನ ಊರು, ಇಲ್ಲಿಂದ ಹತ್ತಿರವೇ ಇದೆ. ಜಯ ಆಸ್ಪತ್ರೆಯಲ್ಲಿದ್ದಾಗ ಮಗುವನ್ನು ಅಲ್ಲಿಗೆ ಕಳಿಸಿದವಳು ನಾನೇ, ಬೇರೆ ದಾರಿ ಇರಲಿಲ್ಲ. ಆಮೇಲೆ ಕಿನ್ನಿ ಆ ಮನೆಯಲ್ಲಿ ಒಂದು ರಾತ್ರಿಯೂ ನಿಂತಿಲ್ಲ. ಅಲ್ಲಿ ಮಾತ್ರವಲ್ಲ, ಎಲ್ಲಿಯೂ ನಿಂತಿಲ್ಲ. ನನ್ನನ್ನು ಬಿಟ್ಟಿರಲಾರಳು ಎಂದು ನಾನು ಮೂರು ವರ್ಷ ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಅಷ್ಟು ಪ್ರೀತಿ ನೋಡಿ ಎಂದು ಹಿಗ್ಗಿದೆ. ಅದು ಬರೀ ಹೆದರಿಕೆ. ಏಳು ವರ್ಷದ ಮಗು ರಾತ್ರಿಯೆಲ್ಲ ನನ್ನನ್ನು ಕಾಯುತ್ತಾ ಮಲಗಿತ್ತು.

ಹಿತ್ತಿಲ ತೆಂಗಿನ ಬುಡದಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಏನು ಮಾಡಲಿ? ಹೋಗು ಎಂದರೆ ಹೋಗುವವಳಲ್ಲ. ಇಟ್ಟುಕೊಂಡರೆ ಹೀಗೇ ಬಾಗಿಲು ಕಾಯುತ್ತಾ ಬೆಳೆಯುತ್ತಾಳೆ. ದೇವರೇ, ನನಗೆ ಏನೂ ತೋಚುತ್ತಿಲ್ಲ.

ಏಪ್ರಿಲ್ ೨೬, ಭಾನುವಾರ

ಅನುಷ್ಕಾಗೆ ಎಲ್ಲಾ ಹೇಳಿದೆ. ಕಿವಿಯಲ್ಲಿ ಹೇಳಿಕೊಟ್ಟದ್ದನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಮೂಗು ಒರೆಸಿಕೊಂಡು, “ಈಗ ಎಂತ ಮಾಡುದು ಅಕ್ಕ?” ಎಂದಳು. ಉಪಾಯ ಅವಳದ್ದೋ ನನ್ನದೋ ಈಗ ಹೇಳಲಾರೆ, ಮಾತಾಡುತ್ತಾ ಮಾತಾಡುತ್ತಾ ಬಂತು. ಕಿನ್ನಿ ಒಂದು ರಾತ್ರಿ ಕಾಟಿಪಳ್ಳಕ್ಕೆ ಹೋಗಬೇಕು. ಹೋಗಿ ಬರಬೇಕು. ಬಂದಾಗ ನಾನು ಇರಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಕಿನ್ನಿ ಒಪ್ಪಲಿಲ್ಲ. ಅತ್ತಳು, ನನ್ನ ಸೀರೆ ಬಿಡಲಿಲ್ಲ. ಕಡೆಗೆ ನಾನು ಹೇಳಿದೆ: “ಬೆಳಿಗ್ಗೆ ಬಂದು ನೋಡು. ಸತ್ತಿದ್ರೆ ನಂಗೆ ಎರಡು ಕೊಡು.” ಅಳುವಿನ ನಡುವೆ ಒಂದು ಚೂರು ನಗು ಬಂತು.

ಕಾರು ಬರುವ ತನಕ ಅನುಷ್ಕಾಳನ್ನು ಎದುರು ಕೂರಿಸಿದೆ. “ನನ್ನ ಎಡಗೈ ಮಾಡಿದ್ದನ್ನು ನಿನ್ನ ಬಲಗೈ ಮಾಡ್ಲಿ. ಕನ್ನಡಿ ನೋಡಿದ ಹಾಗೆ.” ನೂಲು ಸುತ್ತಿ ಕೊಕ್ಕೆಯಲ್ಲಿ ಎಳೆಯಲು ಎರಡೇ ಸಲಕ್ಕೆ ಕಲಿತಳು. ಹಿಡಿತ ಸ್ವಲ್ಪ ಬಿಗಿ. ಹೊಸಬರೆಲ್ಲ ಹಾಗೆ. ಅಲ್ಲಿ ದಿನವಿಡೀ ಎಸಿ ಅಂತೆ, ಕಿನ್ನಿಗೆ ಬೇಗ ಶೀತವಾಗುತ್ತದೆ, ಒಂದು ತೆಳು ಸ್ವೆಟರು ಬೇಕು. ಹತ್ತಿಯದ್ದಲ್ಲ.

ಹೋದರು. ಕಾರಿನ ಹಿಂದಿನ ಗಾಜಿನಲ್ಲಿ ಅವಳ ಮುಖ ತಿರುವಿನ ತನಕ ಕಾಣಿಸುತ್ತಿತ್ತು.

ಈಗ ಒಂದೇ ಚಿಂತೆ. ನನಗೆ ನಾಳೆ ಬೆಳಿಗ್ಗೆಯ ತನಕ ಏನೂ ಆಗಬಾರದು. ಸಾಯುತ್ತೇನೆ ಸಾಯುತ್ತೇನೆ ಎಂದು ಕುಣಿದವಳು ಈಗ ಬಚ್ಚಲಿನಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದೇನೆ. ಅಮ್ಮ ಬೂತಾಯಿ ಮೀನು ಹುರಿದಳು. ಮುಳ್ಳು ಸಿಕ್ಕಿಕೊಂಡರೆ ಎಂದು ಮುಟ್ಟಲಿಲ್ಲ, ಗಂಜಿ ಕುಡಿದೆ. ತೆಂಗಿನ ಮರದ ಕೆಳಗೂ ಹೋಗಲಿಲ್ಲ.

“ನಿಂಗೆ ಮರ್ಲ್,” ಅಂದಳು ಅಮ್ಮ. ಹುಚ್ಚೇ ಇರಬೇಕು. ಆದರೆ ಅವಳೂ ಬಚ್ಚಲಿನ ದೀಪ ಹಾಕಿಯೇ ಇಟ್ಟಳು.

ಏಪ್ರಿಲ್ ೨೭, ಸೋಮವಾರ

ಚಹಾ ಕುಡಿದವಳೇ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತೆ. ತಲೆ ಬಾಚಿ, ಹೂವು ಮುಡಿದು, ಹಸಿರು ಸೀರೆ ಉಟ್ಟು. ದೂರದಿಂದಲೇ ಕಾಣಬೇಕಲ್ಲ.

ಕಾರು ನಿಲ್ಲುವ ಮೊದಲೇ ಬಾಗಿಲು ತೆರೆಯಿತು. ಕಿನ್ನಿ ಓಡಿಬಂದವಳು ಹತ್ತಿರ ಬಂದು ತಟ್ಟನೆ ನಿಂತಳು. ಅಪ್ಪಿಕೊಳ್ಳಲಿಲ್ಲ. ನನ್ನ ಕೆನ್ನೆ ಮುಟ್ಟಿದಳು, ಕೈ ಮುಟ್ಟಿದಳು, ಹೊಟ್ಟೆಗೆ ಕಿವಿಯಿಟ್ಟು ಕೇಳಿದಳು.

“ಗುಡುಗುಡು ಅಂತದೆ.”

“ಗಂಜಿ ಕುಡಿದದ್ದು.”

“ರಾತ್ರಿ ಎಂತ ಸಹ ಆಗ್ಲಿಲ್ವಾ?”

“ಎಂತ ಸಹ ಆಗ್ಲಿಲ್ಲ. ಗೊರಕೆ ಹೊಡೆದೆ. ಬೇಕಾದ್ರೆ ಅಜ್ಜಿ ಹತ್ರ ಕೇಳು.”

ಸುಳ್ಳು. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಅವಳು ಅಮ್ಮನ ಹತ್ತಿರ ಹೋಗಿ ಕೇಳಿಯೂ ಬಂದಳು. ಅಮ್ಮ ಏನು ಹೇಳಿದಳೋ, ಬರುವಾಗ ಕಾಲು ಎತ್ತಿ ಕುಣಿಯುತ್ತಾ ಬಂದಳು. ಕಾಟಿಪಳ್ಳದ ಮನೆಯಲ್ಲಿ ನಾಯಿ ಮರಿ ಹಾಕಿದೆಯಂತೆ, ಒಂದರ ಕಿವಿ ಮಾತ್ರ ಕಪ್ಪಂತೆ. ಆಂಟಿ ಕತೆ ಹೇಳುತ್ತಾ ತಾನೇ ಮೊದಲು ನಿದ್ದೆ ಹೋದಳಂತೆ. ಒಂದೇ ಉಸಿರಿನಲ್ಲಿ ಹೇಳಿದಳು. ಇಷ್ಟು ಮಾತಾಡಿದ್ದನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ.

ಆಮೇಲೆ ಸ್ವಲ್ಪ ಹೊತ್ತು ಮರಳಲ್ಲಿ ಕಾಲು ಉಜ್ಜುತ್ತಾ ನಿಂತಳು.

“ದೊಡ್ಡಮ್ಮ, ನಾನು ತುಂಬ ದಿನ ಹೋದ್ರೂ ನೀನು ಹೀಗೇ ಇರ್ತೀಯಾ?”

“ಇರ್ತೇನೆ.”

“ವಿಮಾನದಲ್ಲಿ ಹೋದ್ರೂ?”

“ವಿಮಾನದಲ್ಲಿ ಹೋದ್ರೂ. ಫೋನಲ್ಲಿ ಮುಖ ತೋರಿಸ್ತೇನೆ, ನೋಡ್ಬಹುದು.”

ಅವಳು ನನ್ನನ್ನು ಇನ್ನೊಮ್ಮೆ ಅಡಿಯಿಂದ ಮುಡಿಯ ತನಕ ನೋಡಿದಳು. ನೋಡಿ, ಕಾರಿನ ಕಡೆಗೆ ತಿರುಗಿ, ಇಡೀ ಸುರತ್ಕಲ್ಲಿಗೆ ಕೇಳುವ ಹಾಗೆ ಕೂಗಿದಳು:

“ಪಪ್ಪಾ! ದೊಡ್ಡಮ್ಮ ಸಾಯುದಿಲ್ಲಂತೆ! ನಾವು ಹೋಗ್ಬಹುದು!”

ಮುಖೇಶ ನಕ್ಕ. ಅಮ್ಮ ಬಾಗಿಲಲ್ಲಿ ನಿಂತು ನಕ್ಕಳು. ಅನುಷ್ಕಾ ಮಾತ್ರ ನಗದೆ ನನ್ನ ಕಡೆ ನೋಡಿದಳು. ಕಿನ್ನಿ ಕೂಗಿದವಳು ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅದಕ್ಕೆ ನಾನೂ ಜೋರಾಗಿ ನಕ್ಕೆ.